ಎಪ್ಪತ್ತೊಂದರ ಊರು

ಹೆಂಡತಿಯ ಅಣ್ಣ ತನ್ನ ಮನೆಯ ಮೇಲೆ ಮೂರನೆಯ ಅಂತಸ್ತು ಕಟ್ಟಿಸಿದ ವಾರವೇ ದರಪಟ್ಟಿ ಎಂಬಾತ ಕಳ್ಳನಾಗಲು ತೀರ್ಮಾನಿಸಿದ. ಅಲ್ಲಿಯವರೆಗೆ ಐವತ್ತೊಂದು ವರ್ಷ ಪ್ರಾಮಾಣಿಕನಾಗಿಯೇ ಬದುಕಿದ್ದ. ಅದರಲ್ಲಿ ತನ್ನ ಹೆಚ್ಚುಗಾರಿಕೆ ಏನೂ ಇಲ್ಲವೆಂದು ಅವನೇ ಒಪ್ಪಿಕೊಳ್ಳುತ್ತಿದ್ದ. ಕದಿಯುವಂಥದ್ದು ಯಾವುದೂ ಕೈಗೆಟುಕುವಷ್ಟು ಹತ್ತಿರ ಬಂದಿರಲಿಲ್ಲ, ಅಷ್ಟೆ.

ದರಪಟ್ಟಿ ಎನ್ನುವುದು ಕಚೇರಿಯವರು ಇಟ್ಟ ಹೆಸರು. ಅವನು ದುಡಿಯುತ್ತಿದ್ದುದು ಒಂದು ಲಿಫ್ಟ್ ಕಂಪನಿಯ ಕೇಂದ್ರ ಕಚೇರಿಯಲ್ಲಿ. ಹದಿನಾಲ್ಕು ದೇಶಗಳಲ್ಲಿ ಅದರ ಶಾಖೆಗಳಿದ್ದವು. ಯಾವ ದೇಶದಲ್ಲಿ ವ್ಯಾಪಾರ ಕುದುರಿ ಕಾಲ ಏರುತ್ತದೋ ಅಲ್ಲಿ ಕಟ್ಟಡ ಏಳುತ್ತದೆ, ಕಟ್ಟಡ ಎದ್ದಲ್ಲಿ ಲಿಫ್ಟ್ ಬೇಕಾಗುತ್ತದೆ, ಲಿಫ್ಟಿನ ಹಿಂದೆ ಕೇಂದ್ರ ಕಚೇರಿಯಿಂದ ಒಬ್ಬ ಅಧಿಕಾರಿ ಸೂಟ್‌ಕೇಸ್ ಹಿಡಿದು ಹೊರಡುತ್ತಾನೆ. ಹಾಗೆ ಹೋದವನಿಗೆ ಆ ಊರಿನ ತುಟ್ಟಿಗೆ ತಕ್ಕ ಭತ್ಯೆ. ಊರು ಎಷ್ಟು ತುಟ್ಟಿ ಎಂದು ಹೇಳುವವನು ದರಪಟ್ಟಿ. ಆರು ತಿಂಗಳಿಗೊಮ್ಮೆ ಪ್ರತಿ ಶಾಖೆಗೂ ಒಂದು ನಮೂನೆ ಕಳಿಸುತ್ತಿದ್ದ: ಮೊಟ್ಟೆ, ಸಾಬೂನು, ಬಸ್ಸಿನ ಟಿಕೇಟು, ಕ್ಷೌರ, ಹಲ್ಲು ಕೀಳಿಸುವುದು, ಬೂಟಿಗೆ ಅಟ್ಟೆ ಹಾಕಿಸುವುದು, ಎರಡು ಕೋಣೆಯ ಮನೆ ಬಾಡಿಗೆ, ಹೀಗೆ ಎಂಬತ್ತಾರು ಬಾಬತ್ತು. ಉತ್ತರಗಳು ಬಂದ ಮೇಲೆ ತನ್ನೂರಿನ ಬದುಕನ್ನು ನೂರು ಎಂದಿಟ್ಟುಕೊಂಡು ಉಳಿದ ಊರುಗಳಿಗೆ ಒಂದೊಂದು ಅಂಕಿ ಕೊಡುತ್ತಿದ್ದ. ಹತ್ತೊಂಬತ್ತು ವರ್ಷ ಇದನ್ನೇ ಮಾಡಿ ಮಾಡಿ ಅವನ ಪಾಲಿಗೆ ಊರುಗಳಿಗೆ ಹೆಸರೇ ಉಳಿದಿರಲಿಲ್ಲ. ನೂರ ಅರವತ್ತೆರಡರಲ್ಲಿ ಮಂಜು ಬೀಳುತ್ತದಂತೆ, ನೂರ ಮೂವತ್ತರಲ್ಲಿ ಚುನಾವಣೆಯಂತೆ ಎಂದು ಪತ್ರಿಕೆ ಓದುತ್ತಿದ್ದ. ಅವನು ಮಾತ್ರ ನೂರರಿಂದ ಆಚೆ ಕಾಲಿಟ್ಟವನಲ್ಲ. ಮದುವೆ ಮನೆಯಲ್ಲಿ ಊರಿಗೆಲ್ಲ ಬಡಿಸಿ ಕೊನೆಯ ಪಂಕ್ತಿಗೆ ಎಲೆ ಸಾಲದೆ ಉಳಿದವನ ಹಾಗೆ.

ಹೆಂಡತಿಯ ಅಣ್ಣನೂ ಅದೇ ಕಂಪನಿಯವನು. ಏರುಗಾಲದಲ್ಲಿ ನೂರ ಅರವತ್ತೆರಡಕ್ಕೆ ಹೋಗಿ ಐದು ವರ್ಷ ಇದ್ದ. ಅಲ್ಲಿಂದ ತಂಗಿಗೆ ಕಾಗದ ಬರೆಯುತ್ತಿದ್ದ: "ಇಲ್ಲಿ ಒಂದು ಕ್ಷೌರಕ್ಕೆ ಕೊಡೋ ದುಡ್ಡಲ್ಲಿ ನಿಮ್ಮಲ್ಲಿ ವಾರದ ಊಟ ಆಗುತ್ತೆ, ಹೇಗೋ ಬದುಕಿದೀವಿ." ಆ ಕ್ಷೌರದ ಬೆಲೆಯನ್ನು ಪಟ್ಟಿಗೆ ಬರೆದವನು ದರಪಟ್ಟಿಯೇ. ಹೇಗೋ ಬದುಕಿದವನು ಮರಳಿ ಬಂದು ಒಂದು ಅಂತಸ್ತು, ಎರಡು ಅಂತಸ್ತು, ಈಗ ಮೂರು. ಅಲ್ಲಿದ್ದ ಐದೂ ವರ್ಷ ಅವನಿಗೆ ಮನೆಯಲ್ಲೇ ಕ್ಷೌರ ಮಾಡುತ್ತಿದ್ದವಳು ಅವನ ಹೆಂಡತಿಯಂತೆ. ಹೊಸ ಅಂತಸ್ತನ್ನು ತೋರಿಸುತ್ತ ಇದನ್ನೂ ಅವನೇ ನಗುತ್ತ ಹೇಳಿದ.

ಬರುವಾಗ ಬಸ್ಸಿನಲ್ಲಿ ಹೆಂಡತಿ ಕಿಟಕಿಯಾಚೆ ನೋಡುತ್ತಲೇ ಅಂದಳು: "ಅವನಿಗೆ ಅಷ್ಟೆಲ್ಲ ಕೊಡಿಸಿದ್ದು ನಿಮ್ಮ ಪೆನ್ನು. ನಿಮಗೆ ಏನು ಕೊಡಿಸ್ತು ಅದು?"

"ಕನ್ನಡಕ," ಎಂದ ದರಪಟ್ಟಿ. ಅವಳು ನಗಲಿಲ್ಲ. ಅವನಿಗೂ ನಗು ಬರಲಿಲ್ಲ.

ಆ ರಾತ್ರಿ ಅವನು ಚೆನ್ನಾಗಿಯೇ ನಿದ್ದೆ ಮಾಡಿದ. ಉಪಾಯ ಹೊಳೆದದ್ದು ಮರುದಿನ ಹಲ್ಲುಜ್ಜುವಾಗ.

ಕಂಪನಿಗೆ ಒಂದು ಸಣ್ಣ ಬಂದರಿನ ಊರಿನಲ್ಲಿ ಶಾಖೆಯಿತ್ತು. ಹದಿನಾರು ಜನ, ಒಂದು ಉಗ್ರಾಣ, ಹಡಗಿನ ಸರಕಿನ ಲಿಫ್ಟುಗಳ ದುರಸ್ತಿ. ಅದರ ಅಂಕಿ ಎಪ್ಪತ್ತೊಂದು. ಅಂದರೆ ತನ್ನೂರಿನಲ್ಲಿ ನೂರಕ್ಕೆ ಬದುಕುವುದನ್ನು ಅಲ್ಲಿ ಎಪ್ಪತ್ತೊಂದಕ್ಕೆ ಬದುಕಬಹುದು. ನೂರಕ್ಕಿಂತ ಕೆಳಗಿನ ಊರಿಗೆ ಭತ್ಯೆ ಸೊನ್ನೆ. ಆದ್ದರಿಂದ ಅಲ್ಲಿನ ಆಡಳಿತಾಧಿಕಾರಿಯ ಹುದ್ದೆಯನ್ನು ಕೇಂದ್ರ ಕಚೇರಿಯಲ್ಲಿ ಶಿಕ್ಷೆ ಎಂದೇ ಲೆಕ್ಕ ಹಿಡಿಯುತ್ತಿದ್ದರು. ಈಗ ಇದ್ದ ಅಧಿಕಾರಿ ಎರಡು ವರ್ಷದಲ್ಲಿ ನಿವೃತ್ತನಾಗುವವನಿದ್ದ.

ಅಗ್ಗದ ಊರಿಗೆ ತುಟ್ಟಿಯ ಅಂಕಿ ಅಂಟಿಸಿ, ಆಮೇಲೆ ತಾನೇ ಅಲ್ಲಿಗೆ ಹೋಗಿ ಕುಳಿತರೆ? ನೂರ ಐವತ್ತರ ಭತ್ಯೆ, ಎಪ್ಪತ್ತೊಂದರ ಖರ್ಚು. ನಾಲ್ಕು ವರ್ಷ. ಮೂರಂತಸ್ತಲ್ಲದಿದ್ದರೂ ಒಂದೂವರೆ ಅಂತಸ್ತು.

ಸಾಧಾರಣ ಕಳ್ಳನಾಗಿದ್ದರೆ ಮೊದಲು ಅಂಕಿ ಏರಿಸುತ್ತಿದ್ದ. ಆಗ ಹುದ್ದೆಗೆ ನಲವತ್ತು ಜನ ಮುಗಿಬೀಳುತ್ತಿದ್ದರು, ಅವರಲ್ಲಿ ಹೆಂಡತಿಯ ಅಣ್ಣನೂ ಇರುತ್ತಿದ್ದ. ದರಪಟ್ಟಿ ಅಷ್ಟು ದಡ್ಡನಲ್ಲ. ಊರು ಎಪ್ಪತ್ತೊಂದರಲ್ಲಿ ಇರುವಾಗಲೇ ಅರ್ಜಿ ಹಾಕಿದ.

ಸಿಬ್ಬಂದಿ ಮ್ಯಾನೇಜರು ಅರ್ಜಿಯನ್ನು ಎರಡು ಸಲ ಓದಿದರು. "ಏನ್ರೀ, ಮನೇಲಿ ಏನಾದ್ರೂ ತೊಂದರೆನಾ?"

"ಸಮುದ್ರದ ಗಾಳಿ, ಸಾರ್. ಎದೆಗೆ ಒಳ್ಳೇದಂತೆ."

"ಭತ್ಯೆ ಒಂದು ಕಾಸು ಇಲ್ಲ, ಗೊತ್ತಲ್ಲ? ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತೆ ಬಿಡಿ." ನಗುತ್ತಲೇ ರುಜು ಹಾಕಿದರು. ಎರಡು ವರ್ಷದ ನಂತರ ಹಾಜರಾಗತಕ್ಕದ್ದು ಎಂಬ ಆದೇಶ ಅವನ ಕೈಸೇರಿತು. ಕಚೇರಿಯೆಲ್ಲ ನಕ್ಕಿತು. ಮನೆಯಲ್ಲಿ ಹೆಂಡತಿ ಮೂರು ದಿನ ಮಾತು ಬಿಟ್ಟಳು. ನಾಲ್ಕನೆಯ ದಿನ, "ಹೋಗಿ ಹೋಗಿ ಎಪ್ಪತ್ತೊಂದನ್ನೇ ಹುಡುಕಿಕೊಂಡ್ರಲ್ಲ. ನನ್ನನ್ನ ಮದುವೆ ಆಗುವಾಗ ಇದ್ದ ಬುದ್ಧಿ ಎಲ್ಲಿ ಹೋಯ್ತು?" ಎಂದಳು. ಅವಳಿಗೂ ಅವನು ಹೇಳಲಿಲ್ಲ. ಪರಿಪೂರ್ಣ ಅಪರಾಧಕ್ಕೆ ಹೆಂಡತಿಯ ತಾತ್ಸಾರವೂ ಒಂದು ಬಂಡವಾಳ ಎಂದು ಸಮಾಧಾನ ಮಾಡಿಕೊಂಡ. ಹಾಗೆ ನೋಡಿದರೆ ಮೂವತ್ತು ವರ್ಷದ ಬಂಡವಾಳ ಆಗಲೇ ಸೇರಿತ್ತು.

ಆಮೇಲೆ ಕೆಲಸ ಶುರುವಾಯಿತು. ಅದರ ಸೊಗಸಿಗೆ ಅವನೇ ಆಗಾಗ ಬೆರಗಾಗುತ್ತಿದ್ದ. ಅವನು ಒಂದೇ ಒಂದು ಬೆಲೆಯನ್ನೂ ತಿದ್ದಲಿಲ್ಲ. ತಿದ್ದುವುದು ಹೊಸಬರ ಕೆಲಸ, ಸಿಕ್ಕಿಬೀಳುವುದೂ ಅಲ್ಲೇ. ಅವನು ಪ್ರಶ್ನೆಯನ್ನು ಮಾತ್ರ ಬದಲಿಸಿದ.

ಬಂದರಿನ ಶಾಖೆಯಲ್ಲಿ ನಮೂನೆ ತುಂಬುತ್ತಿದ್ದವಳು ಅಲ್ಲಿನ ಉಗ್ರಾಣದ ಹೆಂಗಸು. ಮುತ್ತು ಪೋಣಿಸಿದಂಥ ಅಕ್ಷರ. ಹೇಳಿದ್ದನ್ನು ಹೇಳಿದ ಹಾಗೆ ಮಾಡುವವಳು ಎಂಬುದು ಆ ಅಕ್ಷರದಲ್ಲೇ ಕಾಣುತ್ತಿತ್ತು. ಮೊದಲ ಸಲದ ನಮೂನೆಯ ಜೊತೆ ದರಪಟ್ಟಿ ಒಂದು ಪುಟ್ಟ ಪತ್ರ ಇಟ್ಟ: ಇನ್ನು ಮುಂದೆ ದಿನಸಿಯ ಬೆಲೆಯನ್ನು ಪೇಟೆಯಿಂದ ತೆಗೆದುಕೊಳ್ಳದೆ, ಹಡಗಿನ ಕಪ್ತಾನರು ಖರೀದಿಸುವ ಮಳಿಗೆಯಿಂದ ತೆಗೆದುಕೊಳ್ಳತಕ್ಕದ್ದು. ಅವಳು ಹಾಗೆಯೇ ಮಾಡಿದಳು. ಮೊಟ್ಟೆ ಒಂದೇ ನೆಗೆತಕ್ಕೆ ಎರಡರಷ್ಟಾಯಿತು. ಊರು ಎಂಬತ್ತನಾಲ್ಕಕ್ಕೆ ಏರಿತು. ಎರಡನೆಯ ಪತ್ರ: ಕ್ಷೌರ, ಇಸ್ತ್ರಿ, ಬೂಟಿನ ಅಟ್ಟೆ ಇವುಗಳ ದರವನ್ನು ದೊಡ್ಡ ಹೋಟೆಲಿನಲ್ಲಿ ವಿಚಾರಿಸತಕ್ಕದ್ದು. ನೂರ ಒಂದು. ಮೂರನೆಯದು ಬಾಡಿಗೆಯ ಬಗ್ಗೆ: ಸಮುದ್ರ ಕಾಣುವ ಮನೆಗಳನ್ನು ಮಾತ್ರ ಪರಿಗಣಿಸತಕ್ಕದ್ದು. ಆ ಊರಿನಲ್ಲಿ ಸಮುದ್ರ ಕಾಣುವ ಬಾಡಿಗೆ ಮನೆಗಳು ನಾಲ್ಕೇ ಇದ್ದವು, ನಾಲ್ಕೂ ಒಬ್ಬನವೇ, ಅವನು ದಯೆಗೆ ಹೆಸರಾದವನಲ್ಲ. ನೂರ ಇಪ್ಪತ್ತನಾಲ್ಕು. ನಾಲ್ಕನೆಯ ಪತ್ರದಲ್ಲಿ ವೈದ್ಯ, ಹಲ್ಲು, ಟ್ಯಾಕ್ಸಿ. ನೂರ ನಲವತ್ತೊಂಬತ್ತು. ಐವತ್ತು ಮಾಡಬಹುದಿತ್ತು. ದುಂಡಗಿನ ಅಂಕಿ ಕಣ್ಣಿಗೆ ಹೊಡೆಯುತ್ತದೆಂದು ಬಿಟ್ಟ. ಅತಿಯಾಸೆ ಗತಿಗೇಡು ಎಂಬುದನ್ನು ಅವನು ಒಂದು ಅಂಶದ ಮಟ್ಟಿಗೆ ಪಾಲಿಸಿದ.

ಪಟ್ಟಿಯಲ್ಲಿದ್ದ ಒಂದೊಂದು ಬೆಲೆಯೂ ನಿಜ. ರಸೀದಿ ಸಮೇತ ನಿಜ. ಇಡೀ ಊರು ಮಾತ್ರ ಸುಳ್ಳು.

ಆ ನಾಲ್ಕು ಪತ್ರಗಳನ್ನು ತಾನೇ ಟೈಪು ಮಾಡಿದ, ಅಡಿಯಲ್ಲಿ ಕಾರ್ಬನ್ ಹಾಳೆ ಇಡಲಿಲ್ಲ. ಹೊರಹೋಗುವ ಕಾಗದಗಳ ಪುಸ್ತಕದಲ್ಲಿ "ನಮೂನೆ ರವಾನೆ" ಎಂದಷ್ಟೇ ಬರೆದ. ಕೇಂದ್ರ ಕಚೇರಿಯ ಕಪಾಟುಗಳನ್ನೆಲ್ಲ ಬುಡಮೇಲು ಮಾಡಿದರೂ ಸಿಕ್ಕುವುದು ಅದೇ ಹಳೆಯ ನಮೂನೆ, ಅದೇ ಮುತ್ತಿನ ಅಕ್ಷರ.

ಯಾರಾದರೂ ಕೇಳಿಯಾರೆಂದು ಒಂದು ಉತ್ತರವನ್ನೂ ಸಿದ್ಧ ಮಾಡಿಟ್ಟುಕೊಂಡಿದ್ದ. ಯಾರೂ ಕೇಳಲಿಲ್ಲ. ಆಗ ಅವನಿಗೆ ಒಂದು ಸತ್ಯ ಹೊಳೆಯಿತು: ಬೆಲೆ ಏರಿದೆ ಎಂದರೆ ಜಗತ್ತಿನ ಯಾವ ದೇಶದಲ್ಲೂ ಯಾರೂ ಯಾಕೆ ಎಂದು ಕೇಳುವುದಿಲ್ಲ. ಇಳಿದಿದೆ ಎಂದು ನೋಡು, ವಿಚಾರಣೆ ಶುರು. ಮ್ಯಾನೇಜರು ಪಟ್ಟಿಯ ಮೇಲೆ ಕಣ್ಣಾಡಿಸಿ, "ಎಲ್ಲಾ ಕಡೆ ಇದೇ ಹಣೆಬರಹ," ಎಂದು ರುಜು ಹಾಕಿದರು. ಬಂದರಿನಲ್ಲಿದ್ದ ಮುದಿ ಅಧಿಕಾರಿಗೆ ಕೊನೆಯ ಒಂದು ವರ್ಷ ಇದ್ದಕ್ಕಿದ್ದಂತೆ ಭತ್ಯೆ ಬರತೊಡಗಿತು. ತನ್ನ ಸೇವೆಯನ್ನು ಕಂಪನಿ ಕೊನೆಗಾದರೂ ಗುರುತಿಸಿತೆಂದು ಅವನು ಮ್ಯಾನೇಜರಿಗೆ ಧನ್ಯವಾದದ ಪತ್ರ ಬರೆದ. ಹೋಗಲಿ, ಒಬ್ಬ ಮುದುಕನಿಗೂ ಉಪಕಾರವಾಯಿತು ಎಂದುಕೊಂಡ ದರಪಟ್ಟಿ. ಕಳ್ಳತನದಲ್ಲಿ ಪುಣ್ಯವೂ ಉಚಿತವಾಗಿ ಬರುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

ಎರಡು ವರ್ಷ ಕಳೆದು ಗಂಡಹೆಂಡತಿ ಬಂದರಿಗೆ ಬಂದಿಳಿದಾಗ ಅವರನ್ನು ಎದುರುಗೊಂಡವಳು ಉಗ್ರಾಣದ ಹೆಂಗಸೇ. ನಲವತ್ತೈದರ ವಯಸ್ಸು, ಸೊಂಟದಲ್ಲಿ ಬೀಗದ ಕೈಗೊಂಚಲು. ಅವನ ಸೂಟ್‌ಕೇಸನ್ನು ಕೇಳದೆಯೇ ಎತ್ತಿಕೊಂಡಳು. "ನೀವು ನಮೂನೆ ಕಳಿಸೋ ಸಾರ್ ಅಲ್ವಾ? ನಿಮ್ಮ ಕಾಗದ ನೋಡಿದಾಗೆಲ್ಲ ನನಗೆ ಅಯ್ಯೋ ಅನ್ನಿಸ್ತಿತ್ತು. ಕೇಂದ್ರದೋರಿಗೆ ಪಾಪ ಅಗ್ಗದ ಅಂಗಡಿ ಎಲ್ಲಿದೆ ಅಂತಾನೇ ಗೊತ್ತಿಲ್ಲ ಅಂತ. ನೀವೇನೂ ಯೋಚನೆ ಮಾಡಬೇಡಿ, ನಾನು ತೋರಿಸ್ತೀನಿ."

ತೋರಿಸಿದಳು. ದರ್ಜಿಯ ಅಂಗಡಿಯ ಮೇಲೆ ಎರಡು ಕೋಣೆ, ನೀಲಿ ಬಾಗಿಲು, ಬಾಡಿಗೆ ಕೇಳಿ ಹೆಂಡತಿ ಇನ್ನೊಮ್ಮೆ ಹೇಳಿಸಿದಳು. ಸಮುದ್ರ ಕಾಣುತ್ತಿರಲಿಲ್ಲ, ಆದರೆ ಗಾಳಿ ಬರುತ್ತಿತ್ತು, ಗಾಳಿಗೆ ದುಡ್ಡಿರಲಿಲ್ಲ. ಪೇಟೆಯಲ್ಲಿ ಮೊಟ್ಟೆ ಅವನ ಪಟ್ಟಿಯ ಮೊಟ್ಟೆಯ ಅರ್ಧ ಬೆಲೆಗೆ. ಕ್ಷೌರಿಕ ತಲೆ ತಿಕ್ಕಿ ಕೊಟ್ಟು ಅದಕ್ಕೆ ಬೇರೆ ದುಡ್ಡು ತೆಗೆದುಕೊಳ್ಳಲಿಲ್ಲ. ಮೊದಲ ತಿಂಗಳ ಸಂಬಳದ ಲಕೋಟೆ ತೆರೆದಾಗ ಹೆಂಡತಿ ಗೋಡೆಗೆ ಒರಗಿ ಕೂತಳು.

"ಇದು ಯಾರದೋ ನಿಮಗೆ ಬಂದುಬಿಟ್ಟಿದೆ."

"ನಂದೇ. ಈ ಊರು ತುಟ್ಟಿಯಂತೆ."

ಅವಳು ಅವನ ಮುಖವನ್ನೇ ನೋಡಿದಳು. ಮೂವತ್ತೆರಡು ವರ್ಷದಲ್ಲಿ ಮೊದಲ ಸಲ ಆ ನೋಟದಲ್ಲಿ ಅನುಮಾನವಿತ್ತು, ಅನುಮಾನದಲ್ಲಿ ಸ್ವಲ್ಪ ಗೌರವವೂ ಇತ್ತು. ಆ ಸಂಜೆ ಅಣ್ಣನಿಗೆ ಕಾಗದ ಬರೆದಳು: ಇಲ್ಲಿ ಎಲ್ಲಾ ಬೆಂಕಿ ಬೆಲೆ, ಹೇಗೋ ಬದುಕಿದೀವಿ.

ನಾಲ್ಕು ತಿಂಗಳು ಅವನು ಸುಖವಾಗಿದ್ದ. ಶಾಖೆಯವರೂ ಅವನಿಗೆ ಹಿಡಿಸಿದರು. ಮಧ್ಯಾಹ್ನ ಎಲ್ಲರೂ ಉಗ್ರಾಣದ ಉದ್ದ ಮೇಜಿನಲ್ಲಿ ಡಬ್ಬಿ ಬಿಚ್ಚುತ್ತಿದ್ದರು. ಕೇಬಲ್ ಹೆಣೆಯುವ ಮುದುಕ ಹಡಗಿನವರ ಕತೆ ಹೇಳುತ್ತಿದ್ದ. ಬೆಸುಗೆ ಹಾಕುವವನಿಗೆ ಅವಳಿ ಹೆಣ್ಣುಮಕ್ಕಳಾಗಿ, ಎಲ್ಲರೂ ಸೇರಿ ಎರಡು ತೊಟ್ಟಿಲು ಮಾಡಿಕೊಟ್ಟರು. ದರಪಟ್ಟಿಯೂ ಮರಕ್ಕೆ ಮರಳು ಕಾಗದ ಉಜ್ಜಿದ. ಇಪ್ಪತ್ತೊಂದು ವರ್ಷ ಕೇಂದ್ರ ಕಚೇರಿಯಲ್ಲಿ ಯಾರ ತೊಟ್ಟಿಲನ್ನೂ ಅವನು ನೋಡಿರಲಿಲ್ಲ. ತಾನು ಕದ್ದದ್ದು ಇವರಿಂದಲ್ಲ, ಕಂಪನಿಯಿಂದ, ಕಂಪನಿಗೆ ಅದು ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಎಂದು ಉಜ್ಜುತ್ತಲೇ ಯೋಚಿಸಿದ.

ಐದನೆಯ ತಿಂಗಳಲ್ಲಿ ಕಾಲ ಇಳಿಯಿತು. ಮೊದಲು ನೂರ ಅರವತ್ತೆರಡರಲ್ಲಿ ಒಂದು ಬ್ಯಾಂಕು ಬಾಗಿಲು ಹಾಕಿತು. ವಾರದೊಳಗೆ ನೂರ ಮೂವತ್ತರಲ್ಲಿ ಕ್ರೇನುಗಳು ನಿಂತವು. ಅರ್ಧ ಎದ್ದ ಕಟ್ಟಡಗಳಿಗೆ ಯಾರೂ ಲಿಫ್ಟ್ ಕೊಳ್ಳುವುದಿಲ್ಲ. ಬಂದರಿನ ಶಾಖೆಗೆ ಇದರ ಬಿಸಿ ತಟ್ಟಲಿಲ್ಲ. ಹಡಗುಗಳ ಹಳೆಯ ಲಿಫ್ಟುಗಳು ಕೆಡುವುದನ್ನು ಬಿಟ್ಟಿರಲಿಲ್ಲ, ಕೈತುಂಬ ಕೆಲಸವಿತ್ತು. ಆಗ ಕೇಂದ್ರದಿಂದ ಸುತ್ತೋಲೆ ಬಂತು. ಮಿತವ್ಯಯದ ಸಲುವಾಗಿ, ಜೀವನವೆಚ್ಚದ ಪಟ್ಟಿಯ ಪ್ರಕಾರ ಅತಿ ತುಟ್ಟಿಯಾದ ಮೂರು ಊರುಗಳ ಶಾಖೆಗಳನ್ನು ಮುಚ್ಚಲಾಗುವುದು. ನೂರ ಅರವತ್ತೆರಡು, ನೂರ ಐವತ್ತೈದು, ನೂರ ನಲವತ್ತೊಂಬತ್ತು. ಕೆಳಗೆ ಮ್ಯಾನೇಜರು ಕೈಬರಹದಲ್ಲಿ ಸೇರಿಸಿದ್ದರು: "ಇದು ನಿಮ್ಮದೇ ಪಟ್ಟಿ, ಆದ್ದರಿಂದ ಆಡಳಿತ ಮಂಡಳಿಯಲ್ಲಿ ಯಾರೂ ಚರ್ಚೆ ಮಾಡಲಿಲ್ಲ."

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದಂತೆ. ಈ ಬೆಕ್ಕು ಹಾಲು ಕುಡಿಯುತ್ತ ಪಾತ್ರೆಯೊಳಗೇ ಬಿದ್ದಿತ್ತು.

ಉಗ್ರಾಣದ ಮೇಜಿನ ಸುತ್ತ ಹದಿನಾರು ಜನ ನಿಂತರು. ಅಂದು ಯಾರೂ ಡಬ್ಬಿ ಬಿಚ್ಚಲಿಲ್ಲ.

"ನಮ್ಮೂರು ತುಟ್ಟಿನಾ?" ಎಂದ ಬೆಸುಗೆಯವನು. ಅವನ ದನಿಯಲ್ಲಿ ಸಿಟ್ಟಿಗಿಂತ ಬೆರಗೇ ಹೆಚ್ಚಾಗಿತ್ತು. "ಸಾರ್, ಆ ಪಟ್ಟಿ ಮಾಡಿದೋರು ನೀವೇ ಅಲ್ವಾ? ನೀವೊಂದು ಮಾತು ಬರೆದ್ರೆ ಕೇಳ್ತಾರೆ."

"ಅಂಕಿ ಅಂಕಿಯೇ ಅಲ್ವೇನಪ್ಪ," ಎಂದ ದರಪಟ್ಟಿ. ಕೇಬಲ್ಲಿನ ಮುದುಕ ತನ್ನ ಡಬ್ಬಿಯನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಹೊರಟ.

ಎರಡು ದಿನ ಅವನಿಗೆ ಊಟ ಸೇರಲಿಲ್ಲ. ಪಟ್ಟಿ ಸುಳ್ಳೆಂದರೆ ತಾನು ಜೈಲಿಗೆ, ನಿಜವೆಂದರೆ ಹದಿನಾರು ಮನೆ ಬೀದಿಗೆ. ಅವುಗಳ ಹಿಂದೆ ತನ್ನದು ಹದಿನೇಳನೆಯದು, ಏಕೆಂದರೆ ಕೇಂದ್ರದಲ್ಲಿ ಅವನ ಕುರ್ಚಿಯಲ್ಲಿ ಆಗಲೇ ಬೇರೆಯವನು ಕೂತಿದ್ದ. ಕಸುಬುದಾರನ ಹೆಮ್ಮೆಯಿಂದ ಅವನು ಬಲೆಯನ್ನು ಸುತ್ತಿ ಸುತ್ತಿ ನೋಡಿದ. ಎಷ್ಟು ಚೆನ್ನಾಗಿ ಹೆಣೆದಿದ್ದೇನೆ, ನನಗೇ ಹೊರಬರಲು ಆಗುತ್ತಿಲ್ಲ!

ಮೂರನೆಯ ದಿನ ಬೆಳಗ್ಗೆ, ಮತ್ತೆ ಹಲ್ಲುಜ್ಜುವಾಗಲೇ, ದಾರಿ ಹೊಳೆಯಿತು. ಎಲ್ಲ ದೇಶಗಳಲ್ಲೂ ಕಾಲ ಇಳಿದಿದೆ. ಹಾಗಾದರೆ ಬೆಲೆಯೂ ಇಳಿಯಬಾರದೇಕೆ? ಹಳೆಯ ಪಟ್ಟಿಯನ್ನು ಸುಳ್ಳೆನ್ನಬೇಕಾಗಿಯೇ ಇಲ್ಲ. ಕಪ್ತಾನರು ಬರುವುದು ಕಡಿಮೆಯಾಗಿದೆ, ಬಾಡಿಗೆ ಕುಸಿದಿದೆ, ಊರು ನೂರ ನಲವತ್ತೊಂಬತ್ತರಿಂದ ಎಪ್ಪತ್ತೊಂದಕ್ಕೆ ಬಂದುಬಿಟ್ಟಿದೆ. ಉಗ್ರಾಣದವಳು ಪೇಟೆಯ ಬೆಲೆಯಲ್ಲಿ ಹೊಸ ನಮೂನೆ ತುಂಬಲಿ. ವಿಚಾರಣೆ ನಡೆದರೆ ನಡೆಯಲಿ, ಇಳಿದ ಬೆಲೆಯೂ ನಿಜವೇ. ಭತ್ಯೆ ಹೋಗುತ್ತದೆ, ಒಂದೂವರೆ ಅಂತಸ್ತು ಹೋಗುತ್ತದೆ. ಶಾಖೆ ಉಳಿಯುತ್ತದೆ, ಎರಡು ತೊಟ್ಟಿಲು ಉಳಿಯುತ್ತವೆ, ತಾನೂ ಉಳಿಯಬಹುದು. ಕನ್ನಡಿಯಲ್ಲಿ ನೊರೆಯ ನಡುವೆ ಕಂಡ ಮುಖ ಅವನಿಗೆ ಹೆಚ್ಚುಕಡಿಮೆ ಮಹಾತ್ಮನಂತೆ ತೋರಿತು. ಸೀಟಿ ಹಾಕುತ್ತ ಕಚೇರಿಗೆ ನಡೆದ, ದಾರಿಯಲ್ಲಿ ಬೆಸುಗೆಯವನ ಹೆಗಲು ತಟ್ಟಿ, "ಯೋಚನೆ ಮಾಡಬೇಡ, ನಾನಿದೀನಿ," ಎಂದ. ಖಾಲಿ ನಮೂನೆಯೊಂದನ್ನು ಹಿಡಿದು ಉಗ್ರಾಣದ ಬಾಗಿಲಲ್ಲಿ ನಿಂತ.

ಉಗ್ರಾಣದವಳು ನಮೂನೆ ನೋಡಿ ಮುಖವೆಲ್ಲ ನಗುವಾದಳು. "ಸಾರ್, ನೀವೂ ಅದನ್ನೇ ಯೋಚಿಸಿದ್ರಾ? ನಾನು ಆಗಲೇ ಪೇಟೆ ಬೆಲೆ ಬರೆದು ಬೆಳಗಿನ ಅಂಚೆಗೆ ಹಾಕಿದೆ, ನೇರ ಆಡಳಿತ ಮಂಡಳಿಗೇ. ಎರಡು ವರ್ಷದಿಂದ ಇದ್ದ ಬೆಲೇನೇ ಇದು, ಒಂದು ಕಾಸೂ ಏರಿಲ್ಲ ಇಳಿದಿಲ್ಲ ಅಂತ ಅಂಗಡಿಯೋರ ಕೈಲಿ ರುಜುನೂ ಹಾಕಿಸಿದೀನಿ. ಆದರೆ ಬರೀ ಹಾಗೆ ಬರೆದ್ರೆ ಕೆಲಸ ಉಳಿಸ್ಕೊಳ್ಳೋಕೆ ಸುಳ್ಳು ಹೇಳ್ತಿದಾರೆ ಅಂತಾರಲ್ಲ? ನಾವು ತುಟ್ಟಿ ಅಂಗಡಿಗೆ ಯಾಕೆ ಹೋದ್ವಿ ಅಂತ ಅವರಿಗೆ ತಿಳೀಬೇಕಲ್ಲ? ಅದಕ್ಕೇ ನೀವು ನನಗೆ ಬರೆದ ನಾಲ್ಕು ಕಾಗದಾನೂ ಜೊತೆಗಿಟ್ಟೆ. ಉಗ್ರಾಣದಲ್ಲಿ ನಾನು ಒಂದು ಚೀಟಿನೂ ಬಿಸಾಡೋಳಲ್ಲ, ಸಾರ್. ನಕಲು ಕಳಿಸಿದ್ರೆ ನಂಬ್ತಾರೋ ಇಲ್ಲವೋ ಅಂತ, ನಿಮ್ಮ ರುಜು ಇರೋ ಅಸಲನ್ನೇ ಕಳಿಸಿಬಿಟ್ಟೆ."